ಐದನೆಯ ವರದಿ

ಒಲೆಯ ಮೇಲೆ ಹಾಲು ಉಕ್ಕಿ ಸುರಿಯುತ್ತಿದ್ದರೂ ಸೊಸೆ ಅಲ್ಲಾಡಲಿಲ್ಲ. ಒಂದು ಕೈಯಲ್ಲಿ ಇಕ್ಕಳ, ಇನ್ನೊಂದು ಕೈಯಲ್ಲಿ ಮೊಬೈಲು. ಆಸ್ಪತ್ರೆಯಿಂದ ಆಗಷ್ಟೇ ಬಂದಿದ್ದ ಅತ್ತೆಯ ರಕ್ತದ ವರದಿಯನ್ನು ಅವಳು ಮೂರನೇ ಸಲ ಓದುತ್ತಿದ್ದಳು. ಹಿಂದಿನ ನಾಲ್ಕು ವರದಿಗಳಲ್ಲೂ ಸೊನ್ನೆ ಇದ್ದ ಜಾಗದಲ್ಲಿ ಈ ಸಲ ಸೊನ್ನೆ ಇರಲಿಲ್ಲ. ಒಂದು ಪಾಯಿಂಟ್ ನಾಲ್ಕು ಎಂದಿತ್ತು. ಅದರ ಕೆಳಗೆ ಕೆಂಪಕ್ಷರದಲ್ಲಿ ಒಂದೇ ಪದ: 'ಪತ್ತೆಯಾಗಿದೆ'.

"ಏನೇ ಅದು ಸೀದ ವಾಸನೆ? ಹಾಲು ಕಾಯಿಸೋದಕ್ಕೂ ನಿನಗೆ ಟ್ಯೂಷನ್ ಬೇಕಾ?"

ಒಳಕೋಣೆಯಿಂದ ಅತ್ತೆಯ ದನಿ ಬಂತು. ಅತ್ತೆ ಪೆಟ್ಟಿಗೆ ತುಂಬಿಸಿಕೊಳ್ಳುತ್ತಿದ್ದರು. ಐದು ದಿನ ಬಿಟ್ಟರೆ ರೈಲು. ದೂರದ ಊರಿನಲ್ಲಿದ್ದ ಮಗಳಿಗೆ ಮೂವತ್ತೆಂಟನೇ ವಯಸ್ಸಿನಲ್ಲಿ ಗರ್ಭ ನಿಂತು, ಈಗ ಎಂಟನೇ ತಿಂಗಳು. ಅಳಿಯ ಹಡಗಿನ ಕೆಲಸಕ್ಕೆ ಹೋದರೆ ಆರು ತಿಂಗಳು ನೆಲ ಕಾಣದವನು. ಮಂಚ ಬಿಟ್ಟು ಇಳಿಯಬಾರದೆಂದು ಅಲ್ಲಿನ ಡಾಕ್ಟರು ಮಗಳಿಗೆ ಕಟ್ಟಪ್ಪಣೆ ಮಾಡಿದ್ದರಿಂದ, ಹೆರಿಗೆಯಾಗಿ ಮಗು ಕತ್ತು ನಿಲ್ಲಿಸುವವರೆಗೆ ತಾನೇ ಹೋಗಿ ಇರುತ್ತೇನೆಂದು ಅತ್ತೆ ಹೊರಟಿದ್ದರು.

ಈ ಅತ್ತೆ ಯಾರೆಂದು ಹೇಳಬೇಕು. ಮೂವತ್ತೊಂದು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಕಲಿಸಿದವರು. ಬೀದಿಯವರಿಗೆಲ್ಲ ಅವರು 'ಲೆಕ್ಕದ ಮೇಡಂ'. ನಿವೃತ್ತಿಯಾದ ಮೇಲೆ ಅವರಿಗೆ ಉಳಿದಿದ್ದ ಒಬ್ಬಳೇ ವಿದ್ಯಾರ್ಥಿನಿ ಎಂದರೆ ಸೊಸೆ. ಅವಳು ಹತ್ತನೆಯ ತರಗತಿಯ ಗಣಿತದಲ್ಲಿ ಒಮ್ಮೆ ಫೇಲಾದವಳು ಎಂಬುದು ಮದುವೆಯಾದ ಮೇಲೆ ಬಯಲಾಗಿತ್ತು. ಅಂದಿನಿಂದ ಹನ್ನೊಂದು ವರ್ಷ ಅವರು ಅವಳನ್ನು ಬೆಂಚಿನ ಮೇಲೆ ನಿಲ್ಲಿಸಿಯೇ ಇಟ್ಟಿದ್ದರು. ಪರದೆ ಹೊಲಿಯುವ ಅಂಗಡಿಯಲ್ಲಿ ಅವಳು ಬಟ್ಟೆ ಅಳೆದು ಕತ್ತರಿಸುತ್ತಿದ್ದಳು. ಕಿಟಕಿ ಅಳೆದು ಬಂದರೆ ನೆರಿಗೆಗೆಷ್ಟು, ಮಡಿಕೆಗೆಷ್ಟು ಎಂದು ಮನಸ್ಸಿನಲ್ಲೇ ಕೂಡಿಸಿಕೊಂಡು ಕತ್ತರಿ ಹಾಕುವವಳು. ಒಂದು ಗೇಣು ಬಟ್ಟೆ ದಂಡವಾದದ್ದಿಲ್ಲ. ಆದರೆ ಮನೆಗೆ ಬಂದರೆ, "ಅಯ್ಯೋ, ಇವಳ ತಲೆಗೆ ಭಾಗಾಕಾರ ಹತ್ತಲ್ಲ ಕಣ್ರೀ" ಎಂದು ಅತ್ತೆ ಬಂದವರೆದುರೆಲ್ಲ ನಗುವವರು. ಸೊಸೆಯೂ ಬಾಗುವ ಜಾತಿಯಲ್ಲ. "ಹೌದು, ಹತ್ತಲ್ಲ. ನಿಮಗೆ ಮನುಷ್ಯರು ಹತ್ತಲ್ವಲ್ಲ, ಹಾಗೇ" ಎಂದು ಮುಖಕ್ಕೆ ಹೊಡೆದಂತೆ ಹೇಳಿಬಿಡುವಳು. ಇಬ್ಬರ ನಡುವೆ ಮಗ ಗೋಡೆಗೆ ಅಂಟಿದ ಕ್ಯಾಲೆಂಡರಿನಂತೆ ಸುಮ್ಮನಿರುವನು. ಅವನದು ಕನ್ನಡಕದ ಅಂಗಡಿ. ಊರಿಗೆಲ್ಲ ಕಣ್ಣು ಸರಿಮಾಡುವ ಅವನು ಮನೆಯಲ್ಲಿ ನಡೆಯುವುದನ್ನು ಮಾತ್ರ ಒಂದು ದಿನವೂ ನೋಡಲಿಲ್ಲ.

ಇದೆಲ್ಲ ಸಹಿಸಬಹುದಾಗಿತ್ತು. ಸಹಿಸಲಾಗದ್ದು ಒಂದಿತ್ತು. ಏಳು ವರ್ಷದ ಹಿಂದೆ ಸೊಸೆಗೆ ಆರು ತಿಂಗಳು ತುಂಬಿದ ಬಸುರು ಇಳಿದುಹೋಗಿತ್ತು. ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದು ಹೊಸ್ತಿಲ ಮೇಲೆ ನಿಂತವಳನ್ನು ಅತ್ತೆ ಅಡಿಯಿಂದ ಮುಡಿಯವರೆಗೆ ನೋಡಿ, "ಒಂದನ್ನಾದರೂ ಸರಿಯಾಗಿ ಮುಗಿಸಿದ್ದೀಯಾ ನೀನು?" ಎಂದಿದ್ದರು. ಅಷ್ಟೇ ಮಾತು. ಆಮೇಲೆ ಅವಳಿಗೆ ಮಕ್ಕಳಾಗಲಿಲ್ಲ. ಆ ಮಾತು ಮಾತ್ರ ಅವಳೊಳಗೆ ವರ್ಷ ವರ್ಷ ಬೆಳೆಯುತ್ತಾ ಹೋಯಿತು...

ಎರಡು ವರ್ಷದ ಹಿಂದೆ ಅತ್ತೆಗೆ ಕರುಳಿನಲ್ಲಿ ಕ್ಯಾನ್ಸರ್ ಗಡ್ಡೆ ಕಾಣಿಸಿಕೊಂಡಿತು. ಆಪರೇಷನ್, ಆರು ತಿಂಗಳ ಕೀಮೋ. ವಾಂತಿ ಬಳಿದವಳು, ಉದುರಿದ ಕೂದಲು ಗುಡಿಸಿದವಳು, ಕೈ ಹಿಡಿದು ಬಚ್ಚಲಿಗೆ ನಡೆಸಿದವಳು ಸೊಸೆಯೇ. ಅಲ್ಲೂ ಬೈಗುಳ ತಪ್ಪಲಿಲ್ಲ. ಚಿಕಿತ್ಸೆ ಮುಗಿದ ಮೇಲೆ ವೈದ್ಯೆ ಹೊಸದೊಂದು ಪರೀಕ್ಷೆಯ ಬಗ್ಗೆ ಹೇಳಿದರು. "ಮೇಡಂ, ನಿಮ್ಮಿಂದ ತೆಗೆದ ಗಡ್ಡೆಯ ಡಿಎನ್ಎ ಓದಿಸಿದ್ದೀವಿ. ಅದರಲ್ಲಿ ಹದಿನಾರು ಕಡೆ ಅಕ್ಷರ ತಪ್ಪಿದೆ. ಆ ತಪ್ಪುಗಳು ನಿಮ್ಮ ಗಡ್ಡೆಗೆ ಮಾತ್ರ ಸೇರಿದ್ದು, ಬೇರೆ ಯಾರದ್ದಕ್ಕೂ ಅದೇ ತಪ್ಪುಗಳು ಹಾಗೇ ಇರಲ್ಲ. ಮೈಯಲ್ಲಿ ಎಲ್ಲಾದರೂ ಆ ಕಣ ಉಳಿದಿದ್ರೆ, ಅದು ಸತ್ತಾಗ ಅದರ ಡಿಎನ್ಎ ಚೂರು ರಕ್ತಕ್ಕೆ ಬರುತ್ತೆ. ಮೂರು ತಿಂಗಳಿಗೊಮ್ಮೆ ರಕ್ತ ತಗೊಂಡು ಆ ಹದಿನಾರು ತಪ್ಪನ್ನು ಹುಡುಕ್ತೀವಿ. ಎಷ್ಟು ಚೂರು ಸಿಕ್ಕಿತು ಅನ್ನೋದೇ ವರದಿಯ ಸಂಖ್ಯೆ, ಸೊನ್ನೆ ಅಂದ್ರೆ ಏನೂ ಸಿಕ್ಕಿಲ್ಲ ಅಂತ. ಸ್ಕ್ಯಾನ್‌ಗೆ ಕಾಣೋಕೆ ಗಡ್ಡೆ ಒಂದಷ್ಟು ದಪ್ಪ ಆಗಬೇಕು. ರಕ್ತದಲ್ಲಿ ಎಷ್ಟೋ ಸಲ ಅದಕ್ಕಿಂತ ತಿಂಗಳುಗಟ್ಟಲೆ ಮೊದಲೇ ಗೊತ್ತಾಗುತ್ತೆ."

ಲೆಕ್ಕದ ಮೇಡಂ ಮುಖ ಅರಳಿತ್ತು. "ಅಂದ್ರೆ ತಪ್ಪು ಹುಡುಕಿ ಕೆಂಪು ಗೀಟು ಎಳೆಯೋದು. ನಾನು ಜೀವಮಾನವೆಲ್ಲ ಮಾಡಿದ್ದು ಅದನ್ನೇ ಅಲ್ವಾ? ಮಾಡಿ, ಮಾಡಿ" ಎಂದರು. ವರದಿ ಬರಲು ಒಂದು ಮೊಬೈಲ್ ನಂಬರು ಕೇಳಿದಾಗ ಅವರು ಸೊಸೆಯ ನಂಬರನ್ನೇ ಬರೆಸಿದರು. "ನನ್ನ ಮಗನಿಗೆ ಫೋನ್ ಬಂದರೆ ನಾಲ್ಕು ದಿನ ಬಿಟ್ಟು ನೋಡ್ತಾನೆ" ಎಂಬ ಕಾರಣ ಕೊಟ್ಟರು. ಆಮೇಲಿನ ನಾಲ್ಕು ವರದಿಗಳಲ್ಲೂ ಸೊನ್ನೆ. ಪ್ರತಿ ಸಲವೂ ಅತ್ತೆ ಕನ್ನಡಕ ಏರಿಸಿ, "ಎಷ್ಟು?" ಎನ್ನುವರು. ಸೊಸೆ "ಸೊನ್ನೆ" ಎನ್ನುವಳು. "ಸೊನ್ನೆ ತಗೊಂಡು ಖುಷಿಪಟ್ಟಿದ್ದು ಇದೇ ಮೊದಲು" ಎಂದು ಅತ್ತೆ ನಗುವರು.

ಈಗ ಐದನೆಯದು ಬಂದಿತ್ತು.

ಸೊಸೆ ಮೊಬೈಲು ಸೆರಗಿನಲ್ಲಿ ಮುಚ್ಚಿಕೊಂಡು ನೇರ ಗಂಡನ ಅಂಗಡಿಗೆ ಹೋದಳು. ಗಂಡ ಮುದುಕರೊಬ್ಬರ ಕನ್ನಡಕದ ಚೌಕಟ್ಟಿಗೆ ಸ್ಕ್ರೂ ಬಿಗಿಯುತ್ತಿದ್ದವನು, ಅವರು ಹೋದ ಮೇಲೆ ವರದಿ ಓದಿದ.

"ಆಸ್ಪತ್ರೆಯಿಂದ ಫೋನೂ ಬಂದಿತ್ತು ರೀ. ಇನ್ನೊಂದ್ಸಲ ರಕ್ತ ಕೊಡಬೇಕಂತೆ, ಸ್ಕ್ಯಾನ್ ಮಾಡಿಸಬೇಕಂತೆ, ತಡ ಮಾಡಬೇಡಿ ಅಂದ್ರು. ಅತ್ತೆ ಊರಿಗೆ ಹೋಗೋದು ನಿಲ್ಲಿಸಬೇಕು."

"ಎರಡು ತಿಂಗಳ ಹಿಂದೆ ಸ್ಕ್ಯಾನ್ ಆಗಿದೆಯಲ್ಲ, ಏನೂ ಇಲ್ಲ ಅಂದ್ರಲ್ಲ... ಇದು ಯಾವುದೋ ಚೂರು ಅಂತೆ. ಚೂರಿಗೆಲ್ಲ..." ಒಬ್ಬನೇ ತೀರ್ಮಾನಿಸುವ ಅಭ್ಯಾಸವಿಲ್ಲದ ಅವನು ತಂಗಿಗೆ ಫೋನ್ ಹಚ್ಚಿ, ಹೆಂಡತಿಗೂ ಕೇಳುವಂತೆ ಮೇಜಿನ ಮೇಲಿಟ್ಟ.

ಎಲ್ಲ ಕೇಳಿದ ಮೇಲೆ ತಂಗಿ ಬಿಕ್ಕತೊಡಗಿದಳು.

"ಅಣ್ಣಾ, ನಾನು ಇಲ್ಲಿ ಒಬ್ಬಳೇ ಇದ್ದೀನಿ ಕಣೋ! ಎರಡು ಸಲ ಕಳ್ಕೊಂಡಿದ್ದೀನಿ, ಇದು ಮೂರನೇದು. ನೀರು ಕೊಡೋಕೂ ಜನ ಇಲ್ಲ. ಅಮ್ಮಂಗೆ ಈಗ ಇದನ್ನ ಹೇಳಿದ್ರೆ ಅಮ್ಮ ಬರಲ್ಲ. ನಾಲ್ಕು ತಿಂಗಳು ತಾನೇ... ಬಂದ ಮೇಲೆ ತೋರಿಸಿದ್ರಾಯ್ತಲ್ಲ."

"ಹಾಗಲ್ಲಮ್ಮ," ಎಂದಳು ಸೊಸೆ, "ಬೇಗ ಗೊತ್ತಾಗಲಿ ಅಂತಾನೇ ಈ ಪರೀಕ್ಷೆ ಇರೋದು. ಗೊತ್ತಾದ ಮೇಲೂ ಸುಮ್ಮನಿರೋದು ಅಂದ್ರೆ..."

ಆ ಕಡೆಯ ಅಳು ಥಟ್ಟನೆ ನಿಂತಿತು.

"ಅತ್ತಿಗೆ, ನಿಮಗೆ ನನ್ನ ಮಗು ಬದುಕೋದು ಬೇಡ. ನೇರವಾಗಿ ಹೇಳಿಬಿಡಿ. ನಿಮಗಾಗಲಿಲ್ಲ, ನನಗೂ ಆಗಬಾರದು, ಅಷ್ಟೇ ತಾನೇ?"

ಸೊಸೆ ಗಂಡನ ಮುಖ ನೋಡಿದಳು. 'ಹಾಗನ್ನಬೇಡ' ಎಂದು ಅವನು ತಂಗಿಗೆ ಒಂದು ಮಾತು ಹೇಳಿದ್ದರೆ ಮುಂದಿನ ಕಥೆಯೇ ಬೇರೆಯಾಗುತ್ತಿತ್ತೇನೋ. ಅವನು ಒರೆಸುವ ಬಟ್ಟೆ ತೆಗೆದುಕೊಂಡು, ಆಗಲೇ ಶುಭ್ರವಾಗಿದ್ದ ಗಾಜನ್ನು ತಿಕ್ಕುತ್ತಾ ನಿಂತಿದ್ದ. "ನಾಲ್ಕು ತಿಂಗಳು ಬಾಯಿ ಬಿಡಬೇಡ ಮಾರಾಯ್ತಿ" ಎಂದ ಕೊನೆಗೆ. "ಆಸ್ಪತ್ರೆಯವರಿಗೆ ನಾನೇ ಹೇಳ್ತೀನಿ." ಹೇಳಿದ್ದೂ ನಿಜ: ಅಮ್ಮ ಊರಲ್ಲಿಲ್ಲ, ವಿಷಯ ತಿಳಿಸಿದ್ದೇವೆ, ಬಂದ ಕೂಡಲೇ ಕರೆತರುತ್ತೇವೆ ಎಂದ. ಅವನು ಹಾಗೆ ಹೇಳುವಾಗ ಅಮ್ಮ ಎರಡು ಬೀದಿ ಆಚೆ ಮನೆಯಲ್ಲಿ ಕೂತು, ಹುಟ್ಟಲಿರುವ ಮೊಮ್ಮಗುವಿಗೆ ಟೋಪಿ ಹೆಣೆಯುತ್ತಿದ್ದರು.

ಆ ಐದು ದಿನ ಸೊಸೆ ಹತ್ತು ಸಲ ಬಾಯಿ ತೆರೆದಳು, ಹತ್ತು ಸಲವೂ ಮುಚ್ಚಿದಳು. ಹೇಳಿದರೆ ಹೊಟ್ಟೆಕಿಚ್ಚಿನವಳು, ಹೇಳದಿದ್ದರೆ...? ಹೊರಡುವ ದಿನ ಬಂತು. ಬೆಳಗಿನ ಹೊತ್ತು, ಮಗ ಪೆಟ್ಟಿಗೆ ಇಳಿಸಲು ಕೆಳಗೆ ಹೋಗಿದ್ದ. ಅತ್ತೆ ಚಪ್ಪಲಿ ಮೆಟ್ಟಿದವರು ಬಾಗಿಲಲ್ಲಿ ನಿಂತು ತಿರುಗಿದರು. ಅವರ ದನಿಯಲ್ಲಿ ಎಂದಿನ ಚುಚ್ಚು ಇರಲಿಲ್ಲ.

"ಏನೇ, ಈ ಸಲದ ರಕ್ತದ ರಿಪೋರ್ಟ್ ಬಂತಾ?"

"ಬಂತು."

"ಎಷ್ಟು?"

ಬಾಗಿಲ ಬೆಳಕಿನಲ್ಲಿ ಅತ್ತೆಯ ಮುಖ ಕಾಣುತ್ತಿತ್ತು. ಅದೇ ಹೊಸ್ತಿಲು. ಏಳು ವರ್ಷದ ಹಿಂದೆ ಅವಳು ಆಚೆ ನಿಂತಿದ್ದಳು, ಇವರು ಈಚೆ ನಿಂತಿದ್ದರು. ನಾದಿನಿಯ ಅಳುವೋ, ಗಂಡನ ಆಣತಿಯೋ, ನಾಲ್ಕು ತಿಂಗಳು ಈ ಮನೆಯಲ್ಲಿ ಉಸಿರಾಡಬಹುದೆಂಬ ಆಸೆಯೋ, ಅಥವಾ ಅದಕ್ಕಿಂತ ಕರಿಯಾದ ಇನ್ನೇನೋ... ಯಾವುದು ತನ್ನ ನಾಲಿಗೆಯನ್ನು ಆಡಿಸಿತೆಂದು ಸೊಸೆಗೆ ಆಮೇಲೂ ತಿಳಿಯಲಿಲ್ಲ.

"ಸೊನ್ನೆ, ಅತ್ತೆ."

ಅತ್ತೆ ತಲೆಯಾಡಿಸಿದರು. ಮರುಪ್ರಶ್ನೆ ಕೇಳಲಿಲ್ಲ. ಮೆಟ್ಟಿಲಿಳಿದು ಹೋದರು.

ಆ ನಂತರದ ತಿಂಗಳುಗಳು ಸೊಸೆಯ ಬಾಳಿನಲ್ಲೇ ಶಾಂತವಾದವು. ಅದನ್ನು ಒಪ್ಪಿಕೊಳ್ಳಲು ಅವಳಿಗೆ ನಾಚಿಕೆಯಾದರೂ ಅದು ಸುಳ್ಳಲ್ಲ. ಕೂತು ಉಂಡಳು. ಉಪ್ಪು ಹೆಚ್ಚಾದರೆ ತಾನೇ ನಕ್ಕಳು. ಭಾನುವಾರ ಮಧ್ಯಾಹ್ನ ಬಾಗಿಲು ತೆರೆದಿಟ್ಟುಕೊಂಡು ನಿದ್ದೆ ಮಾಡಿದಳು. ಆಸ್ಪತ್ರೆಯಿಂದ ಮತ್ತೆರಡು ಸಲ ಫೋನ್ ಬಂತು. ಒಮ್ಮೆ ಅಂಗಡಿಯಲ್ಲಿ ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆಯುವಾಗ, ಇನ್ನೊಮ್ಮೆ ಬಸ್ಸಿಗೆ ಕಾಯುವಾಗ. "ಇನ್ನೂ ಬಂದಿಲ್ಲ. ಬಂದ ಮೇಲೆ ನಾವೇ ತಿಳಿಸ್ತೀವಿ" ಎಂದಳು ಎರಡು ಸಲವೂ. ಎರಡನೆಯ ಸಲ ಫೋನ್ ಇಟ್ಟ ಮೇಲೆ ಬಸ್ಸು ಬಂದು ಹೋದದ್ದೂ ಅವಳಿಗೆ ಕಾಣಲಿಲ್ಲ.

ಮಗಳಿಗೆ ಹೆಣ್ಣುಮಗುವಾಯಿತು. ತಾಯಿ, ಮಗು ಇಬ್ಬರೂ ಕ್ಷೇಮ. ನಾಲ್ಕು ತಿಂಗಳು ಐದಾಯಿತು, ಐದು ಆರಾಯಿತು. "ಅಮ್ಮ ಇಲ್ಲಿ ತುಂಬಾ ಖುಷಿಯಾಗಿದ್ದಾರೆ, ಸ್ವಲ್ಪ ಸೊರಗಿದ್ದಾರೆ ಅಷ್ಟೇ, ನಿದ್ದೆ ಇಲ್ಲ ನೋಡಿ" ಎಂದಳು ಮಗಳು. ಅತ್ತೆ ರೈಲಿನಿಂದ ಇಳಿದಾಗ ಸೊಸೆಗೆ ಮೊದಲು ಗುರುತೇ ಸಿಗಲಿಲ್ಲ. ಕೊರಳ ಮೂಳೆ ಎದ್ದಿತ್ತು. ಕಣ್ಣಿನ ಬಿಳಿಯಲ್ಲಿ ಹಳದಿ ಇಳಿದಿತ್ತು. "ಮಗು ನನ್ನ ಹಾಗೇ ಇದೆ ಕಣೇ, ಹಟಮಾರಿ" ಎಂದು ಅತ್ತೆ ನಗಲು ಹೋಗಿ ಪಕ್ಕೆ ಹಿಡಿದುಕೊಂಡರು.

ನಾಲ್ಕನೆಯ ದಿನ ವೈದ್ಯೆಯ ಕೋಣೆಯಲ್ಲಿ ಮೂವರೂ ಕೂತಿದ್ದರು. ಸ್ಕ್ಯಾನಿನಲ್ಲಿ ಯಕೃತ್ತಿನ ತುಂಬ ಕಲೆಗಳು. ಎಣಿಸುವುದನ್ನೇ ವೈದ್ಯೆ ಬಿಟ್ಟಿದ್ದರು.

"ಮೇಡಂ, ಆರು ತಿಂಗಳ ಹಿಂದೆ ರಕ್ತದಲ್ಲಿ ಬಂದಾಗಲೇ ನೀವು ಬಂದಿದ್ರೆ ಚೆನ್ನಾಗಿರ್ತಿತ್ತು. ಮಗಳ ಹೆರಿಗೆ, ನಿಮಗೂ ಅನಿವಾರ್ಯ ಇತ್ತು ಅನ್ನೋದು ಗೊತ್ತು, ಆದರೂ..."

"ರಕ್ತದಲ್ಲಿ ಏನು ಬಂದಾಗ?" ಎಂದರು ಅತ್ತೆ.

ವೈದ್ಯೆ ಮೂವರ ಮುಖವನ್ನೂ ನೋಡಿದರು.

"ಎಷ್ಟಿತ್ತು? ತಾರೀಕು ಹೇಳಿ. ಸಂಖ್ಯೆ ಹೇಳಿ" ಎಂದರು ಲೆಕ್ಕದ ಮೇಡಂ. ತರಗತಿಯಲ್ಲಿ ಉತ್ತರ ಕೇಳುವ ಅದೇ ದನಿ. ವೈದ್ಯೆ ತಾರೀಕು, ಸಂಖ್ಯೆ ಎರಡನ್ನೂ ಹೇಳಿದರು. ಅತ್ತೆಯ ತುಟಿ ಮೆಲ್ಲಗೆ ಅಲುಗಿತು. ರೈಲು ಹತ್ತಿದ ದಿನದಿಂದ ಹಿಂದಕ್ಕೆ ಎಣಿಸುತ್ತಿದ್ದರು. ಐದು ದಿನ!

ಆಗ ಮಗ ಬಾಯಿಬಿಟ್ಟ. ಹನ್ನೊಂದು ವರ್ಷ ಸುಮ್ಮನಿದ್ದವನು ಈಗ ಮಾತಾಡಿದ.

"ಅಮ್ಮಾ... ಮೆಸೇಜ್ ಬರ್ತಿದ್ದಿದ್ದು ಅವಳ ಫೋನಿಗೆ..."

ಸೊಸೆ ಗಂಡನತ್ತ ತಿರುಗಿ ನೋಡಿದಳು. ಅವನು ನೆಲ ನೋಡುತ್ತಿದ್ದ. ಆ ಗಳಿಗೆಯಲ್ಲಿ ಅವಳೊಳಗೆ ಏನೋ ಒಂದು ಸದ್ದಿಲ್ಲದೆ ಮುರಿಯಿತು. ಆದರೂ 'ನೀವೇ ಹೇಳಬೇಡ ಅಂದಿರಲ್ಲ' ಎಂಬ ಮಾತು ಅವಳ ಬಾಯಿಂದ ಹೊರಡಲಿಲ್ಲ. ಸೊನ್ನೆ ಎಂದವಳು ತಾನು. ಆ ಸುಳ್ಳನ್ನು ಯಾರೂ ಅವಳ ಬಾಯಿಗೆ ತುರುಕಿರಲಿಲ್ಲ.

ಮನೆಗೆ ಬಂದ ಮೇಲೆ ಅತ್ತೆ ಸೊಸೆಯೊಬ್ಬಳನ್ನೇ ಕೋಣೆಗೆ ಕರೆದು ಕದ ಮುಚ್ಚಿಸಿದರು.

"ಹೇಳಬೇಡ ಅಂದಿದ್ದು ಅವನು. ಹೌದು ತಾನೇ? ಅವಳೂ ಫೋನಲ್ಲಿ ಅತ್ತಿರ್ತಾಳೆ. ನಾನೇ ಹೆತ್ತವು, ನನಗೆ ಗೊತ್ತಿಲ್ವಾ?"

ಸೊಸೆ ತಲೆ ತಗ್ಗಿಸಿದಳು.

"ಅವನು ಪುಕ್ಕಲ. ಚಿಕ್ಕಂದಿನಿಂದ ಮಾರ್ಕ್ಸ್ ಕಾರ್ಡ್ ಬಚ್ಚಿಟ್ಟೇ ಬೆಳೆದೋನು. ಅವಳಿಗೆ ಅವಳ ಮಗು. ಅವರಿಬ್ಬರನ್ನ ನಾನು ಕೇಳಲೇ ಇಲ್ಲ, ನೋಡು. ನಿನ್ನನ್ನ ಕೇಳಿದೆ. ಯಾಕೆ ಕೇಳಿದೆ ಗೊತ್ತಾ?" ಅತ್ತೆಗೆ ಏದುಸಿರು ಬಂತು. "ಹನ್ನೊಂದು ವರ್ಷದಲ್ಲಿ ನನಗೆ ಹಿತವಾಗಲಿ ಅಂತ ನೀನು ಒಂದೇ ಒಂದು ಮಾತು ಆಡಿದವಳಲ್ಲ. ಈ ಮನೇಲಿ ನನ್ನ ಮುಖಕ್ಕೆ ನಿಜ ಹೇಳ್ತಿದ್ದವಳು ನೀನೊಬ್ಬಳೇ. ನೀನು ಸೊನ್ನೆ ಅಂದ್ರೆ ಸೊನ್ನೆ ಅಂತ ನಂಬಿ ರೈಲು ಹತ್ತಿದೆ ಕಣೇ..."

"ಅತ್ತೆ..."

"ಹೇಳಿದ್ರೂ ನಾನು ಹೋಗ್ತಿದ್ದೆನೋ ಏನೋ! ಮಗಳಲ್ವಾ. ಆದರೆ ಹೋಗೋದಾ, ಉಳಿಯೋದಾ ಅನ್ನೋ ಲೆಕ್ಕ ನನ್ನದು. ಅದನ್ನ ನಾನೇ ಬಿಡಿಸಬೇಕಿತ್ತು. ನೀವು ಮೂರು ಜನ ಸೇರಿ ನನ್ನ ಸ್ಲೇಟನ್ನೇ ಒರೆಸಿಬಿಟ್ರಿ."

ಸೊಸೆಗೆ ಅಳು ಉಕ್ಕಿ ಬಂತು. ಅಳುವಿನ ಜೊತೆ ಏಳು ವರ್ಷದ ಮಾತೂ ಬಂತು. "ಆವತ್ತು ನಾನು ಆಸ್ಪತ್ರೆಯಿಂದ ಬಂದು ಬಾಗಿಲಲ್ಲಿ ನಿಂತಾಗ ನೀವು ಆಡಿದ ಮಾತು... ನಿಮಗೆ ನೆನಪೂ ಇರಲಿಕ್ಕಿಲ್ಲ..."

"ನೆನಪಿದೆ" ಎಂದರು ಅತ್ತೆ ಥಟ್ಟನೆ. "ಆಡಿದ ಮರುಗಳಿಗೆಯಿಂದ ನೆನಪಿದೆ. ವಾಪಸ್ ತಗೊಳ್ಳೋಕೆ ನನಗೆ ಬರಲಿಲ್ಲ. ಟೀಚರ್ ಆಗಿದ್ದವಳು, ತಪ್ಪಾಯ್ತು ಅನ್ನೋ ಅಭ್ಯಾಸ ಇಲ್ಲ." ಗೋಡೆಯ ಕಡೆ ಮಗ್ಗುಲಾದರು. "ಸರಿ. ತೀರಿಸಿಕೊಂಡೆಯಲ್ಲ. ಈಗ ಹೋಗು."

ಕ್ಷಮಿಸಿದೆ ಎಂಬ ಮಾತು ಆಗಲೂ ಬರಲಿಲ್ಲ, ಮುಂದೆಂದೂ ಬರಲಿಲ್ಲ. ಮಗನನ್ನು ಮಾತ್ರ ಅವರು ಎರಡೇ ದಿನದಲ್ಲಿ ಕ್ಷಮಿಸಿದರು. ಮಗ ಕಾಲ ಬಳಿ ಕೂತು ಅತ್ತಾಗ ತಲೆ ಸವರಿದರು. ಮಗಳು ಫೋನಿನಲ್ಲಿ ಅತ್ತಾಗ, "ಮಗೂನ ನೋಡ್ಕೋ, ನನ್ನ ಚಿಂತೆ ಬಿಡು" ಎಂದರು. ಸೊಸೆಗೆ ಆ ಸವರುವಿಕೆ ಸಿಗಲಿಲ್ಲ. ಆದರೆ ಚಿಕಿತ್ಸೆ ಮತ್ತೆ ಶುರುವಾದಾಗ ಅತ್ತೆ ಒಂದು ನಿಯಮ ಮಾಡಿದರು. ಇನ್ನು ಮುಂದೆ ರಕ್ತದ ವರದಿ ಬಂದರೆ ಸೊಸೆಯೇ ಓದಬೇಕು, ಅಕ್ಷರ ಬಿಡದೆ ಓದಬೇಕು, ಕೋಣೆಯಲ್ಲಿ ಬೇರೆ ಯಾರೂ ಇರಕೂಡದು.

ಹಾಗೆ ಓದಿದಳು. ಮೊದಲನೆಯದು ಇನ್ನೂರ ಹನ್ನೆರಡು. ಔಷಧಿ ಹತ್ತಿದ ಮೇಲೆ ಎಂಬತ್ತಕ್ಕೆ ಇಳಿಯಿತು, ಆಮೇಲೆ ಮೂವತ್ತೊಂದಕ್ಕೆ. ಆ ದಿನ ಅತ್ತೆ ಎದ್ದು ಕೂತು ಎರಡು ತುತ್ತು ಹೆಚ್ಚು ಉಂಡರು. ಮುಂದಿನ ಸಲ ತೊಂಬತ್ತಾರು. ಅದರ ಮುಂದಿನದು ನಾನೂರಕ್ಕೂ ಮೇಲೆ. ಪ್ರತಿಯೊಂದು ಸಂಖ್ಯೆಯನ್ನೂ ಅತ್ತೆ ಕೇಳಿ, ತಲೆದಿಂಬಿನ ಬಳಿಯಿದ್ದ ನೋಟುಪುಸ್ತಕದಲ್ಲಿ ಬರೆದುಕೊಳ್ಳುವರು. ಕೈ ಸೋತ ಮೇಲೆ ಸೊಸೆಯೇ ಬರೆದಳು. ಕೊನೆಯ ವರದಿ ಬಂದ ಮಧ್ಯಾಹ್ನ ಅತ್ತೆಗೆ ಕಣ್ಣು ತೆರೆಯುವುದೂ ಕಷ್ಟವಾಗಿತ್ತು. ಅರೆತೆರೆದ ಬಾಗಿಲಾಚೆ ನಿಂತ ಗಂಡ, 'ಕಮ್ಮಿ ಆಗಿದೆ ಅಂತ ಹೇಳು' ಎಂದು ಕೈಸನ್ನೆ ಮಾಡುತ್ತಿದ್ದ, ಬೇಡಿಕೊಳ್ಳುವವನ ಹಾಗೆ ಕೈ ಜೋಡಿಸುತ್ತಿದ್ದ. ಸೊಸೆ ಎದ್ದು ಹೋಗಿ ಬಾಗಿಲು ಮುಚ್ಚಿದಳು. ಬಂದು ಕೂತು, "ಎರಡು ಸಾವಿರದ ಇನ್ನೂರ ಐವತ್ತು, ಅತ್ತೆ" ಎಂದಳು.

ಅತ್ತೆಯ ಬೆರಳು ಚಾದರದ ಮೇಲೆ ಒಮ್ಮೆ ಅಲುಗಿತು. "ಬರ್ಕೋ" ಎಂದರು. ಒಂಬತ್ತು ದಿನದ ಮೇಲೆ ಅವರು ತೀರಿಕೊಂಡರು.

ಮಗುವನ್ನೆತ್ತಿಕೊಂಡು ಬಂದ ಮಗಳು ನಡುಮನೆಯಲ್ಲಿ ನೆರೆದವರೆದುರು ಗೋಳಾಡಿದಳು. "ಅತ್ತಿಗೆ ಆವತ್ತೇ ಬಾಯಿಬಿಟ್ಟು ಹೇಳಿದ್ರೆ ನನ್ನಮ್ಮ ಉಳ್ಕೋತಿದ್ಳು! ಆರು ತಿಂಗಳು ಬಚ್ಚಿಟ್ಟುಕೊಂಡು ಕೂತಳಲ್ಲ...!" ನೆರೆದವರು ಸೊಸೆಯತ್ತ ನೋಡಿದರು. ಗಂಡ ಕಂಬಕ್ಕೊರಗಿ ನಿಂತಿದ್ದ, ತುಟಿ ಪಿಟಕ್ ಎನ್ನಲಿಲ್ಲ. ಸೊಸೆ ಬಂದವರಿಗೆ ನೀರು ಕೊಡುತ್ತಾ ಹೋದಳು. ಮಗು ಅತ್ತಾಗ ಎತ್ತಿಕೊಳ್ಳಲು ಕೈ ಚಾಚಿದಳು. ನಾದಿನಿ ಮಗುವನ್ನು ಎದೆಗವಚಿಕೊಂಡು ಆ ಕಡೆ ತಿರುಗಿದಳು.

ತಿಂಗಳಾದ ಮೇಲೆ ಉಳಿದ ಕಾಗದಪತ್ರ ತರಲು ಸೊಸೆ ಆಸ್ಪತ್ರೆಗೆ ಹೋದಾಗ, ವೈದ್ಯೆಯ ಬಾಗಿಲಲ್ಲಿ ನಿಂತು ಕೇಳಿಯೇಬಿಟ್ಟಳು. "ಡಾಕ್ಟ್ರೇ, ಆಗಲೇ ಕರ್ಕೊಂಡು ಬಂದಿದ್ರೆ ಉಳೀತಿದ್ರಾ?"

ವೈದ್ಯೆ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. "ಇರಬಹುದಿತ್ತು. ಇಲ್ಲದೇನೂ ಇರಬಹುದಿತ್ತು. ಬೇಗ ಗೊತ್ತಾದವರೆಲ್ಲ ಉಳಿಯಲ್ಲಮ್ಮ. ಕೆಲವರಿಗೆ ಉಪಯೋಗ ಆಗುತ್ತೆ. ನಿಮ್ಮ ಅತ್ತೆ ಆ ಕೆಲವರಲ್ಲಿ ಒಬ್ಬರಾಗ್ತಿದ್ರಾ... ನನಗೆ ಗೊತ್ತಿಲ್ಲ. ಇನ್ನು ಯಾರಿಗೂ ಗೊತ್ತಾಗಲ್ಲ."

ಅವಳು ಮನೆಗೆ ಬಂದಾಗ ಗಂಡ ಅಂಗಡಿ ಮುಚ್ಚಿ ಬಂದು ಕಾಯುತ್ತಿದ್ದ. "ಡಾಕ್ಟ್ರನ್ನ ಕೇಳಿದೆಯಾ? ಏನಂದ್ರು?"

"ಗೊತ್ತಿಲ್ಲ ಅಂದ್ರು."

"ಆವಾಗ ಬಂದಿದ್ರೂ ಏನೂ ಆಗ್ತಿರಲಿಲ್ಲ ಅಂದಿರಬೇಕಲ್ವಾ? ಹಾಗೇ ಅಂದಿರ್ತಾರೆ..." ಅವನು ಅವಳ ಕೈ ಹಿಡಿದುಕೊಂಡ. ಅವನ ಕಣ್ಣಲ್ಲಿ ನೀರಿತ್ತು. "ನಿದ್ದೆ ಬರ್ತಿಲ್ಲ ಕಣೇ ನನಗೆ. ಏನೂ ಆಗ್ತಿರಲಿಲ್ಲ ಅಂತ ಒಂದ್ಸಲ ಹೇಳು. ನೀನು ಹೇಳಿದ್ರೆ ಸಾಕು, ನಂಬ್ತೀನಿ."

ಅವಳು ಅವನನ್ನು ನೋಡಿದಳು. ಕೆಟ್ಟವನಲ್ಲ. ಅದೇ ಅವಳಿಗೆ ಎಲ್ಲಕ್ಕಿಂತ ಕಹಿಯಾಗಿ ಕಂಡದ್ದು. ಒಂದು ಮಾತು ಆಡಿದರೆ ಅವನು ಮಗುವಿನಂತೆ ಮಲಗಿ ನಿದ್ದೆ ಹೋಗುವನು. ಆ ಮಾತು ಅವಳ ನಾಲಿಗೆಯ ತುದಿಗೂ ಬಂದಿತ್ತು.

"ಹೇಳಲ್ಲ ರೀ" ಎಂದಳು ಅವಳು, ಮೆಲ್ಲಗೆ ಕೈ ಬಿಡಿಸಿಕೊಳ್ಳುತ್ತಾ. "ನನಗೂ ಗೊತ್ತಿಲ್ಲ. ಅವರು ಗೊತ್ತಿಲ್ಲ ಅಂದ್ರು, ನಾನೂ ಅಷ್ಟೇ ಹೇಳೋದು."

ಅವನು ಕುರ್ಚಿಯ ಮೇಲೆ ಕುಸಿದು ಅಳತೊಡಗಿದ. ಅವಳು ಸಮಾಧಾನ ಮಾಡಲಿಲ್ಲ, ಎದ್ದೂ ಹೋಗಲಿಲ್ಲ. ಅವನ ಅಳು ನಿಲ್ಲುವವರೆಗೆ ಎದುರಿಗೆ ಕೂತಿದ್ದು, ಆಮೇಲೆ ಇಬ್ಬರಿಗೂ ತಟ್ಟೆ ಹಾಕಿದಳು.